ಡೇರೆಯೊಳಗಿನ ಗುಂಡು

ಸೂರ್ಯನು ಮೇಲೇರುವ ಮೊದಲೇ ಸಿಂಧನೂರು ಎಚ್ಚೆತ್ತಿರುತ್ತದೆ. ಬತ್ತದ ಚೀಲಗಳನ್ನು ಹೇರಿಕೊಂಡ ಲಾರಿಗಳು ಅಕ್ಕಿ ಗಿರಣಿಗಳ ಮುಂದೆ ಸಾಲುಗಟ್ಟಿರುತ್ತವೆ. ಒಂದು ಕಾಲಕ್ಕೆ ಇದು ಮಳೆಯನ್ನೇ ನೆಚ್ಚಿದ್ದ ಜೋಳ-ಹತ್ತಿಗಳ ಎರೆಭೂಮಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ನೀರು ಹಿಡಿದು ನಿಂತ ಮೇಲೆ, ಎಡದಂಡೆಯ ಕಾಲುವೆಯು ಈ ನೆಲದ ಬಣ್ಣವನ್ನೇ ಬದಲಿಸಿತು. ಕಾಲುವೆಯ ನೀರಿನ ಬೆನ್ನು ಹಿಡಿದು ಆಂಧ್ರದ ಕಡಲಸೀಮೆಯಿಂದ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದವರಿಗೆ ಸರಕಾರವು ಊರಿನ ಆಚೆ ಪುನರ್ವಸತಿ ಶಿಬಿರಗಳನ್ನು ಮಾಡಿಕೊಟ್ಟಿತು. ಆದ್ದರಿಂದ ಸಿಂಧನೂರಿನ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿಗಳು ಒಂದೇ ಅಂಗಡಿಯ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುತ್ತವೆ.

ಈ ಎಲ್ಲ ಭಾಷೆಗಳೂ ಒಂದಾಗಿ ಕಿವಿಗೊಡುವ ವಿಷಯವೊಂದುಂಟು. ಅದು ಪತ್ತೆಯಾಗದ ಕೊಲೆಯ ಸುದ್ದಿ. ಬೆಳಗಿನ ಪತ್ರಿಕೆಯಲ್ಲಿ ಅಂಥ ಸುದ್ದಿಯೊಂದು ಬಂದಿತೆಂದರೆ, ಚಹದಂಗಡಿಯ ಬೆಂಚುಗಳು ತೆರವಾಗುವುದೇ ಇಲ್ಲ. ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿಗಳ ನಡುವೆ ವಿಚಾರಣೆ ಪ್ರಾರಂಭವಾಗುತ್ತದೆ.

“ಅಲ್ರೀ ಗೌಡ್ರ, ಬಾಗಲಕ್ಕ ಒಳಗಿಂದ ಚಿಲಕ ಇತ್ತಂತ. ಹಂಗಾದ್ರ ಕೊಂದಾಂವ ಹೊರಗ ಹೆಂಗ ಹೋದ?” ಎಂದು ಒಬ್ಬನು ಕೇಳುತ್ತಾನೆ.

“ಹೊರಗ ಯಾಕ ಹೋಗಬೇಕು? ಮನ್ಯಾಗ ಇದ್ದಾಂವನ ಇರಬೇಕು ನೋಡ್ರಿ,” ಎಂದು ಇನ್ನೊಬ್ಬನು ತೀರ್ಪನ್ನೇ ಕೊಟ್ಟುಬಿಡುತ್ತಾನೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ಮನುಷ್ಯನ ಬುದ್ಧಿಗೆ ಬಗೆಹರಿಯದ ಗಂಟಿನಷ್ಟು ರುಚಿಯಾದದ್ದು ಮತ್ತೊಂದಿಲ್ಲ. ಆದರೆ ಈ ವಿನೋದಕ್ಕೆ ಒಂದು ಬೆಲೆಯಿದೆ. ಎರಡನೆಯ ಲೋಟ ಚಹ ಮುಗಿಯುವ ಹೊತ್ತಿಗೆ ಊಹೆಯು ಒಬ್ಬ ಮನುಷ್ಯನ ಹೆಸರನ್ನು ಹುಡುಕಿಕೊಂಡಿರುತ್ತದೆ. ಮೂರನೆಯದಕ್ಕೆ ಆ ಹೆಸರು ಮುಂದಿನ ಓಣಿಯನ್ನು ಮುಟ್ಟಿರುತ್ತದೆ. ನಿಜವಾದ ಅಪರಾಧಿ ಸಿಕ್ಕಿದ ಮೇಲೂ ಆ ಹೆಸರಿಗೆ ಅಂಟಿದ ಮಸಿ ಪೂರ್ತಿಯಾಗಿ ತೊಳೆದುಹೋಗುವುದಿಲ್ಲ.

ಈ ಚಹದಂಗಡಿಯ ಮುಂದೆಯೇ ಹೊರಡುವ ಹೆದ್ದಾರಿಯು ಮಸ್ಕಿಯ ಮೂಲಕ ಲಿಂಗಸೂಗೂರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಕೃಷ್ಣೆಯನ್ನು ದಾಟಿ ಸುರಪುರವನ್ನು ಸೇರುತ್ತದೆ. ಈ ಸೀಮೆಯ ಜನರು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಬಗೆಹರಿಸಲಾರದೆ ಉಳಿಸಿಕೊಂಡು ಬಂದಿರುವ ಸಾವೊಂದುಂಟು. ಅದು 1858ರ ಮೇ ತಿಂಗಳಲ್ಲಿ, ಸಿಕಂದರಾಬಾದಿನಿಂದ ಒಂದು ದಿನದ ಪಯಣದಷ್ಟು ದೂರದಲ್ಲಿ, ಒಂದು ಡೇರೆಯೊಳಗೆ ನಡೆಯಿತು. ಸತ್ತವನು ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ. ಅವನಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಗುಂಡು ಬ್ರಿಟಿಷ್ ಅಧಿಕಾರಿಯ ಪಿಸ್ತೂಲಿನದು. ಅದರ ಕುದುರೆಯನ್ನೆಳೆದ ಬೆರಳು ಯಾರದು ಎಂಬುದೇ ಪ್ರಶ್ನೆ. ಆ ದೊರೆಯನ್ನು ಮಣಿಸಲು ದಂಡು ಹೊರಟದ್ದು ಲಿಂಗಸೂಗೂರಿನಿಂದ. ಆದ್ದರಿಂದ ಈ ಕಥೆಯನ್ನು ಹುಡುಕಿಕೊಂಡು ಹೋಗುವವನಿಗೆ ಇದೇ ಸರಿಯಾದ ದಾರಿ. ಐವತ್ತು ಕಿಲೋಮೀಟರಿಗೆ ತುಸು ಹೆಚ್ಚಾದ ಈ ಹಾದಿಯಲ್ಲಿ, ಬಗೆಹರಿದ ಎರಡು ಹಳೆಯ ಒಗಟುಗಳೂ ಎದುರಾಗುತ್ತವೆ. ಬಗೆಹರಿಯದುದನ್ನು ನೋಡುವ ಮೊದಲು ಅವನ್ನು ನೋಡಿಕೊಳ್ಳುವುದು ಲೇಸು.

*

ಸಿಂಧನೂರಿನ ಗದ್ದೆಗಳು ಹಿಂದೆ ಸರಿದಂತೆ ಬಯಲಿನಲ್ಲಿ ಬೆಣಚುಕಲ್ಲಿನ ಗುಡ್ಡಗಳು ತಲೆಯೆತ್ತುತ್ತವೆ. ಬಂಡೆಯ ಮೇಲೆ ಬಂಡೆಯನ್ನು ಯಾರೋ ಕೈಯಾರೆ ಇಟ್ಟುಹೋದಂತೆ ಕಾಣುವ ಅಂಥ ಗುಡ್ಡವೊಂದರ ಬುಡದಲ್ಲಿ ಮಸ್ಕಿ ಇದೆ. ಗುಡ್ಡದ ಮೇಲೆ ಮಲ್ಲಿಕಾರ್ಜುನನ ಗುಡಿ, ಕೆಳಗೆ ಹಳ್ಳ. ಬಹುಕಾಲ ಲಿಂಗಸೂಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಗುಡ್ಡದ ಬಂಡೆಗಳ ನಡುವಿನ ತಗ್ಗಾದ ಗವಿಯಂಥ ಜಾಗದಲ್ಲಿ, ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಒಂದು ಕಲ್ಲಿನ ಮೇಲೆ, ಬ್ರಾಹ್ಮೀ ಲಿಪಿಯ ಕೆಲವು ಸಾಲುಗಳಿವೆ. ಭಾರತದ ಇತಿಹಾಸದ ಅತಿದೊಡ್ಡ ಪತ್ತೇದಾರಿಕೆಯೊಂದು ಮುಕ್ತಾಯವಾದದ್ದು ಈ ಸಾಲುಗಳಲ್ಲಿ.

ಆ ಪತ್ತೇದಾರಿಕೆಯ ಪ್ರಾರಂಭವು ಕಲ್ಕತ್ತೆಯಲ್ಲಿ. ಅಲ್ಲಿನ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬಾತನು 1837ರಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಓದುವ ಬಗೆಯನ್ನು ಕಂಡುಕೊಂಡನು. ಉತ್ತರದ ಕಂಬಗಳ ಮೇಲೆಯೂ ಬಂಡೆಗಳ ಮೇಲೆಯೂ ಒಬ್ಬನೇ ದೊರೆ ಮಾತನಾಡುತ್ತಿದ್ದನು. ಆದರೆ ಅವನು ತನ್ನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದು ಕರೆದುಕೊಳ್ಳುತ್ತಿದ್ದನೇ ಹೊರತು ಹೆಸರನ್ನು ಹೇಳುತ್ತಿರಲಿಲ್ಲ. ಯಾರು ಈತ? ದೇವಾನಾಂಪ್ರಿಯ ಎಂಬ ಬಿರುದಿನ ದೊರೆಯೊಬ್ಬನು ಸಿಂಹಳದಲ್ಲಿ ಇದ್ದನೆಂಬುದು ತಿಳಿದಿತ್ತು. ಆದ್ದರಿಂದ ಪ್ರಿನ್ಸೆಪ್ ಮೊದಲು ಆ ಸಿಂಹಳದವನನ್ನೇ ಹಿಡಿದನು! ಪರದೇಶದ ದೊರೆಯೊಬ್ಬನು ಭಾರತದ ಉದ್ದಗಲಕ್ಕೂ ಶಾಸನ ಕೊರೆಸಿದ್ದು ಹೇಗೆಂಬ ತೊಡಕು ಉಳಿಯಿತು. ಅದೇ ವರ್ಷ ಸಿಂಹಳದಲ್ಲಿ ಸರಕಾರಿ ನೌಕರಿಯಲ್ಲಿದ್ದ ಜಾರ್ಜ್ ಟರ್ನರ್, ‘ದೀಪವಂಶ’ವೆಂಬ ಪಾಳಿ ಗ್ರಂಥದಲ್ಲಿ ಪ್ರಿಯದರ್ಶಿಯು ಮೌರ್ಯ ಅಶೋಕನೇ ಎಂಬುದಕ್ಕೆ ಆಧಾರವನ್ನು ಕಂಡನು. ಪ್ರಿನ್ಸೆಪ್ ತನ್ನ ಊಹೆಯನ್ನು ಬಿಟ್ಟುಕೊಟ್ಟನು. ಹಾಗೆ ಬಿಟ್ಟುಕೊಟ್ಟದ್ದರಲ್ಲೇ ಅವನ ಹಿರಿಮೆಯಿದೆ.

ಆದರೂ ಅದು ಗ್ರಂಥದ ಸಾಕ್ಷಿಯಾಯಿತೇ ಹೊರತು ಕಲ್ಲಿನ ಸಾಕ್ಷಿಯಾಗಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಆಸುಪಾಸಿನಲ್ಲಿ ಮೂರು ಶಾಸನಗಳನ್ನು ಕಂಡುಹಿಡಿದರು. ಅಲ್ಲಿಯೂ ಬಿರುದು ಮಾತ್ರವೇ ಇತ್ತು. ಕೊನೆಗೆ 1915ರಲ್ಲಿ, ನಿಜಾಮರ ಸಂಸ್ಥಾನದಲ್ಲಿ ಬಂಗಾರದ ಗಣಿಯ ಇಂಜಿನಿಯರನಾಗಿದ್ದ ಸಿ. ಬೀಡನ್ ಎಂಬಾತನ ಕಣ್ಣಿಗೆ ಮಸ್ಕಿಯ ಬಂಡೆಯ ಅಕ್ಷರಗಳು ಬಿದ್ದುವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಮೊದಲ ಸಾಲಿನಲ್ಲಿಯೇ ‘ದೇವಾನಾಂಪ್ರಿಯನಾದ ಅಶೋಕನ’ ಎಂದು ಹೆಸರು ಸ್ಪಷ್ಟವಾಗಿ ಕೊರೆದಿತ್ತು. ಎಪ್ಪತ್ತೆಂಟು ವರ್ಷಗಳ ತರ್ಕಕ್ಕೆ ಕಲ್ಲು ತಾನೇ ಸಹಿ ಹಾಕಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಆದರೆ ಮೊದಲ ಸಾಕ್ಷಿ ಮಸ್ಕಿಯದೇ.

ಈ ಒಗಟನ್ನು ಬಿಡಿಸಿದವರನ್ನು ಒಮ್ಮೆ ನೋಡಿರಿ: ಒಬ್ಬನು ಟಂಕಸಾಲೆಯವನು, ಇನ್ನೊಬ್ಬನು ಸರಕಾರಿ ನೌಕರ, ಮತ್ತೊಬ್ಬನು ಬಂಗಾರ ಅಗೆಯುವವನು. ಇತಿಹಾಸವು ಅವರಾರ ಕಸುಬೂ ಅಲ್ಲ. ದೊಡ್ಡವರೇ ಅಲ್ಲ, ಸಣ್ಣವನೂ ಶ್ರದ್ಧೆಯಿಟ್ಟರೆ ಎತ್ತರವನ್ನು ಮುಟ್ಟಬಲ್ಲನೆಂಬ ಅಶೋಕನ ಸಂದೇಶವೇ ಆ ಕಲ್ಲಿನಲ್ಲಿದೆ. ಆ ಸಂದೇಶಕ್ಕೆ ಅದನ್ನು ಪತ್ತೆಮಾಡಿದವರೇ ಉದಾಹರಣೆಯಾದರು. ಹವ್ಯಾಸಿಯ ಪತ್ತೇದಾರಿಕೆಯನ್ನು ನಗೆಯಾಡಬೇಕಾದ ಕಾರಣವಿಲ್ಲ. ಸಾಕ್ಷಿಗಾಗಿ ಕಾಯುವ ತಾಳ್ಮೆಯೊಂದು ಅವನಿಗಿದ್ದರಾಯಿತು.

*

ಮಸ್ಕಿಯನ್ನು ಬಿಟ್ಟು ಲಿಂಗಸೂಗೂರಿನ ಕಡೆಗೆ ತಿರುಗಿದರೆ ಎರಡನೆಯ ಒಗಟಿನ ಸೀಮೆ. ರಾಯಚೂರು, ಬಳ್ಳಾರಿ ಪ್ರಾಂತಗಳಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳು ಕಾಣಿಸುತ್ತವೆ. ಕೆಲವು ಆಳೆತ್ತರಕ್ಕೂ ಮಿಗಿಲು. ಇಷ್ಟೊಂದು ಬೂದಿ ಎಲ್ಲಿಂದ ಬಂತು? ಜನರು ಇದನ್ನು ಸಾವಿನ ಪ್ರಕರಣವೆಂದೇ ತಿಳಿದರು. ಬಳ್ಳಾರಿಯ ಬಳಿಯ ಕುಡತಿನಿಯ ದಿಬ್ಬವು ಭೀಮನು ಕೊಂದ ಹಿಡಿಂಬಾಸುರನ ಚಿತಾಭಸ್ಮವೆಂದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯನ್ನು ಸುಟ್ಟ ಬೂದಿಯೆಂದರು. ಮರೆಯಲ್ಲಿ ನಿಂತು ಬಾಣ ಬಿಟ್ಟು ವಾಲಿಯನ್ನು ಕೊಂದದ್ದು ಧರ್ಮವೋ ಅಧರ್ಮವೋ ಎಂಬ ವಾದ ಇಂದಿಗೂ ಮುಗಿದಿಲ್ಲವಷ್ಟೆ. ಆ ವಾದಕ್ಕೆ ಇಲ್ಲಿ ಬೂದಿಯ ಗುರುತೂ ದೊರೆತಂತಾಯಿತು.

ಓದಿದವರು ಊಹೆಯಲ್ಲಿ ಇವರಿಗಿಂತ ಹಿಂದೆ ಬೀಳಲಿಲ್ಲ. ವಿಜಯನಗರದ ಚರಿತ್ರೆಯನ್ನು ಬರೆದ ರಾಬರ್ಟ್ ಸಿವೆಲ್ 1899ರಲ್ಲಿ, ಇವು ವಿಜಯನಗರ ಕಾಲದ ಸಾಮೂಹಿಕ ಸಹಗಮನಗಳ ಬೂದಿಯಾಗಿರಬಹುದೆಂದು ತರ್ಕಿಸಿದನು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬೂದಿಯಲ್ಲಿ ಸೆಗಣಿಯನ್ನು ಕಂಡನು. ಈ ಜಗಳವನ್ನು ತೀರಿಸಿದ್ದು ಗುದ್ದಲಿ. ಲಿಂಗಸೂಗೂರು ತಾಲ್ಲೂಕಿನಲ್ಲಿ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ಅಗೆತ ನಡೆಸಿದ ಎಫ್. ಆರ್. ಆಲ್ಚಿನ್, 1957ರಲ್ಲಿ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಪದರಪದರವಾಗಿ ಬಿಡಿಸಿದನು. ಅಲ್ಲಿ ಬೇಲಿಯ ಗೂಟಗಳ ಕುಳಿಗಳೂ ಬೂದಿಯಲ್ಲಿ ಅಚ್ಚೊತ್ತಿದ ದನದ ಗೊರಸಿನ ಗುರುತುಗಳೂ ದೊರೆತವು! ಸುಮಾರು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳವು; ರಾಶಿಬಿದ್ದ ಸೆಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ಬೂದಿಯದು. ಅಲ್ಲಿ ರಾಕ್ಷಸನೂ ಸತ್ತಿರಲಿಲ್ಲ, ಸತಿಯರೂ ಸುಟ್ಟಿರಲಿಲ್ಲ. ಹೆಣವೇ ಇಲ್ಲದ ಕಡೆ ಎಲ್ಲರೂ ಕೊಲೆಯನ್ನು ಕಂಡಿದ್ದರು.

*

ಈ ಎರಡು ಪಾಠಗಳೊಡನೆ ಲಿಂಗಸೂಗೂರನ್ನು ಹೊಗಬೇಕು. ಇಂದಿನ ಲಿಂಗಸೂಗೂರು ತಾಲ್ಲೂಕು ಕಚೇರಿ, ಉಪವಿಭಾಗದ ಕಚೇರಿ, ವಕೀಲರು, ಸಂತೆ, ಬಸ್ಸುಗಳ ಊರು. ಹತ್ತಿರದಲ್ಲಿಯೇ ಹಟ್ಟಿಯ ಚಿನ್ನದ ಗಣಿ. ಅಲ್ಲಿ ಪ್ರಾಚೀನರು ಯಂತ್ರಗಳ ನೆರವಿಲ್ಲದೆ ನೂರಾರು ಅಡಿ ಆಳಕ್ಕೆ ಇಳಿದಿದ್ದರು. 1905ರಲ್ಲಿ ನಿಜಾಮರ ಸರಕಾರವು ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸುವವರೆಗೂ ಲಿಂಗಸೂಗೂರು ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಅದಕ್ಕೂ ಹಿಂದೆ ಇದು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ದಂಡು ಇಳಿದಿದ್ದ ಛಾವಣಿ. 1853ರಲ್ಲಿ ನಿಜಾಮನು ಸೈನ್ಯದ ವೆಚ್ಚಕ್ಕಾಗಿ ರಾಯಚೂರಿನ ದೋಆಬನ್ನು ಬ್ರಿಟಿಷರ ವಶಕ್ಕೆ ಒಪ್ಪಿಸಿದ್ದನು. ಆ ನೆಲದ ಉತ್ತರದ ಗಡಿಗೆ, ಕೃಷ್ಣೆಯ ಆಚೆ ದಂಡೆಯಲ್ಲಿ, ಬೇಡ ನಾಯಕರ ಸುರಪುರವಿತ್ತು.

ಸುರಪುರದ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನಿನ್ನೂ ಎಳೆಯ ಬಾಲಕ. ಸಂಸ್ಥಾನದ ಉಸ್ತುವಾರಿಗೆಂದು 1841ರಲ್ಲಿ ಮೆಡೋಸ್ ಟೇಲರ್ ಎಂಬ ಅಧಿಕಾರಿ ಬಂದನು. ಬಾಲಕನು ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು. ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಆಡಳಿತದಲ್ಲಿ ಎಷ್ಟೋ ವೇಳೆ ತಿಕ್ಕಾಟವಾಗುತ್ತಿತ್ತು. ಹುಡುಗನ ಮೇಲಿನ ಮಮತೆಗೆ ಮಾತ್ರ ಕುಂದು ಬರಲಿಲ್ಲ. 1853ರಲ್ಲಿ ಪ್ರಾಯಕ್ಕೆ ಬಂದ ದೊರೆಗೆ ರಾಜ್ಯವನ್ನೊಪ್ಪಿಸಿ ಟೇಲರ್ ಹೊರಟುಹೋದನು.

ನಾಲ್ಕೇ ವರ್ಷಗಳಲ್ಲಿ ಉತ್ತರದಲ್ಲಿ ದಂಗೆ ಭುಗಿಲೆದ್ದಿತು. ಸುರಪುರದಲ್ಲಿ ಪಡೆ ಸೇರುತ್ತಿದೆಯೆಂಬ ವರ್ತಮಾನದ ಮೇಲೆ ಹೈದರಾಬಾದಿನ ರೆಸಿಡೆಂಟನು ತನ್ನ ಸಹಾಯಕ ಕ್ಯಾಪ್ಟನ್ ಕ್ಯಾಂಪ್‌ಬೆಲ್ಲನನ್ನು ಕಳುಹಿಸಿದನು. ಲಿಂಗಸೂಗೂರಿನ ಛಾವಣಿಯಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್ ಒಂದು ದಳದೊಡನೆ ಕೃಷ್ಣೆಯನ್ನು ದಾಟಿ ಸುರಪುರದ ಮುಂದೆ ಇಳಿದನು. 1858ರ ಫೆಬ್ರವರಿ 7ರ ರಾತ್ರಿ ಆ ಶಿಬಿರದ ಮೇಲೆ ನಾಯಕರ ಪಡೆ ಎರಗಿತು. ಮರುದಿನದ ಕಾಳಗದಲ್ಲಿ ಮದರಾಸಿನ ಕುದುರೆಪಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಹೆಚ್ಚಿನ ದಂಡು ಬರುತ್ತಿದೆಯೆಂದು ತಿಳಿದಾಗ ದೊರೆಯು ಕೆಲವರು ಸವಾರರೊಡನೆ ಹೈದರಾಬಾದಿನ ಕಡೆಗೆ ಹೊರಟುಹೋದನು. ಅಲ್ಲಿ ದಿವಾನ ಸಾಲಾರ್ ಜಂಗನ ಕಡೆಯವರು ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು.

ವಿಚಾರಣೆಯಾಗಿ ಮರಣದಂಡನೆಯೆಂದಾಯಿತು. ರೆಸಿಡೆಂಟನು ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್‌ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಬಂಧನವೆಂದು ಗೊತ್ತುಮಾಡಿದನು. ಆ ಅವಧಿಯಲ್ಲಿ ನಡತೆ ಸರಿಯೆಂದು ಕಂಡರೆ ರಾಜ್ಯವನ್ನು ಹಿಂದಕ್ಕೆ ಕೊಡುವ ಮಾತೂ ಇತ್ತು. ಪಲ್ಲಕ್ಕಿಯೇರಿ ಕಾವಲಿನೊಡನೆ ಹೊರಟ ದೊರೆ ಮೊದಲ ಬಿಡಾರವನ್ನು ದಾಟಲಿಲ್ಲ. ಟೇಲರನ ಬರಹದ ಪ್ರಕಾರ ನಡೆದದ್ದಿಷ್ಟು: ಕಾವಲಿನ ಅಧಿಕಾರಿಯು ಗುಂಡು ತುಂಬಿದ ರಿವಾಲ್ವರಿನ ಸಮೇತ ನಡುಪಟ್ಟಿಯನ್ನು ಬಿಚ್ಚಿ ಡೇರೆಯೊಳಗೆ ಕುರ್ಚಿಗೆ ತೂಗುಹಾಕಿ, ಮುಖ ತೊಳೆಯಲು ಹೊರಗೆ ಹೋದನು. ಒಳಗೆ ಗುಂಡಿನ ಸದ್ದಾಯಿತು. ಓಡಿಬಂದು ನೋಡಿದಾಗ ದೊರೆ ನೆಲಕ್ಕೆ ಬಿದ್ದಿದ್ದನು. ಗುಂಡು ಹೊಟ್ಟೆಯನ್ನು ಹೊಕ್ಕು ಬೆನ್ನೆಲುಬನ್ನು ಸೀಳಿತ್ತು.

*

ಅಂದಿನಿಂದ ಈ ಸೀಮೆಯಲ್ಲಿ ಡೇರೆಯ ಆ ಒಂದು ಗಳಿಗೆಯನ್ನು ಕುರಿತು ವಾದ ನಡೆದೇ ಇದೆ. ಸುರಪುರದ ಕಟ್ಟೆಗಳಲ್ಲಿಯೂ ಲಿಂಗಸೂಗೂರಿನ ಪಡಸಾಲೆಗಳಲ್ಲಿಯೂ ಉಪಾಧ್ಯಾಯರು, ವಕೀಲರು, ಹಿರಿಯ ರೈತರು ಇದನ್ನು ತಿರುಗಿಸಿ ಮುರುಗಿಸಿ ನೋಡಿದ್ದಾರೆ. ನಾಲ್ಕು ಪಕ್ಷಗಳುಂಟು.

ಆತ್ಮಹತ್ಯೆಯೆಂಬುದು ಮೊದಲನೆಯದು. ಸೆರೆಮನೆಯಲ್ಲಿ ತನ್ನನ್ನು ಕಾಣಲು ಬಂದ ಟೇಲರನೊಡನೆ ದೊರೆಯು, ಸೆರೆವಾಸಕ್ಕಿಂತಲೂ ಗಡೀಪಾರಿಗಿಂತಲೂ ಸಾವೇ ಮೇಲೆಂದೂ, ತನ್ನನ್ನು ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲೆಂದೂ ಹೇಳಿದ್ದನು. ಬೇಡ ನಾಯಕರ ಕುಲದ ಅಭಿಮಾನವನ್ನು ಬಲ್ಲವರಿಗೆ ಈ ಮಾತು ಸಾಕು. ಆದರೆ ಆ ಮಾತು ಶಿಕ್ಷೆ ಇಳಿಯುವುದಕ್ಕೆ ಮೊದಲು ಆಡಿದ್ದು. ನಾಲ್ಕು ವರ್ಷ ಕಳೆದರೆ ಸಿಂಹಾಸನ ಸಿಕ್ಕೀತೆಂಬ ಆಸೆ ಹುಟ್ಟಿದ ಮೇಲೆ, ಪ್ರಯಾಣದ ಮೊದಲ ದಿನವೇ ಅವನೇಕೆ ಪ್ರಾಣ ಬಿಡುತ್ತಿದ್ದನು?

ಎರಡನೆಯದು ಆಕಸ್ಮಿಕವೆಂಬ ಪಕ್ಷ. ಬಂದೂಕುಗಳ ನಡುವೆಯೇ ಬೆಳೆದವನು ಹೀಗೆ ಕೈತಪ್ಪುವನೆ ಎಂದು ಕೇಳಬಹುದು. ಆದರೆ ರಿವಾಲ್ವರ್ ಅಂದಿಗೆ ಹೊಸ ಆಯುಧ. ಲಂಡನಿನ ಜನರೇ ಅದನ್ನು ಕೌತುಕದಿಂದ ನೋಡಿದ್ದು 1851ರ ಮಹಾಪ್ರದರ್ಶನದಲ್ಲಿ. ಯುವಕನೊಬ್ಬನು ಕುತೂಹಲದಿಂದ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ್ದರೆ ಅದು ಅಸಹಜವಲ್ಲ. ಹೊಟ್ಟೆಗೆ ತಗುಲಿದ ಗುಂಡು ಈ ಪಕ್ಷಕ್ಕೆ ಒತ್ತಾಸೆ ಕೊಡುತ್ತದೆ; ಸಾಯಬೇಕೆಂದೇ ಹೊರಟವನು ತಲೆಗೋ ಎದೆಗೋ ಗುರಿಯಿಡುವುದು ಸಾಮಾನ್ಯ.

ಮೂರನೆಯದು ಕೊಲೆಯೆಂಬ ಪಕ್ಷ. ಜನರ ಮನಸ್ಸು ಹೆಚ್ಚಾಗಿ ವಾಲುವುದು ಇತ್ತಕಡೆಗೆ. ರಾಜಕೈದಿಯ ಡೇರೆಯಲ್ಲಿ ತುಂಬಿದ ಪಿಸ್ತೂಲನ್ನು ತೂಗುಹಾಕಿ ಹೋಗುವ ಕಾವಲುಗಾರನುಂಟೆ? ಉಳಿದಿರುವ ಕಥನವೆಲ್ಲ ಕಾವಲಿನವರ ಕಡೆಯದೇ ಅಲ್ಲವೆ? ದೊರೆಯು ಬದುಕಿದ್ದರೆ ನಾಲ್ಕು ವರ್ಷಗಳಲ್ಲಿ ರಾಜ್ಯವನ್ನು ಹಿಂದಿರುಗಿಸಬೇಕಾಗುತ್ತಿತ್ತು. ಸತ್ತದ್ದರಿಂದ 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಅವನ ನಿಷ್ಠೆಯ ಬಹುಮಾನವಾಗಿ ಕೊಟ್ಟುಬಿಟ್ಟರು. ಈ ಪ್ರಶ್ನೆಗಳು ಹಗುರವಾದವಲ್ಲ. ಆದರೆ ಎದುರುಮಾತೂ ಇದೆ. ಕೊಲ್ಲುವುದೇ ಉದ್ದೇಶವಾಗಿದ್ದರೆ ಅವರ ಕೈಯಲ್ಲಿ ಮರಣದಂಡನೆಯ ತೀರ್ಪೇ ಇತ್ತು. ಅದನ್ನು ಎರಡು ಬಾರಿ ಇಳಿಸಿ, ಆಮೇಲೆ ಡೇರೆಯಲ್ಲಿ ಕೊಲ್ಲಿಸುವ ಅಗತ್ಯವೇನಿತ್ತು? ಕೊಲ್ಲುವವನು ತನ್ನದೇ ಆಯುಧವನ್ನು ಬಳಸಿ ತನ್ನ ಮೇಲೆಯೇ ಶಂಕೆ ತಂದುಕೊಳ್ಳುವನೆ? ಲಾಭ ಯಾರಿಗಾಯಿತೋ ಅವನೇ ಕೊಂದವನು ಎಂಬುದು ಚಹದಂಗಡಿಯ ನ್ಯಾಯ. ಲಾಭವು ಶಂಕೆಗೆ ಕಾರಣವಾದೀತೇ ಹೊರತು ಸಾಕ್ಷಿಯಾಗದು.

ನಾಲ್ಕನೆಯ ಪಕ್ಷ ವಿಧಿಯದು. ದೊರೆಯು ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಅವನು ಹುಟ್ಟಿದಾಗಲೇ ಜಾತಕ ಬರೆದವರು ಹೇಳಿದ್ದರಂತೆ. ಆ ಗುಟ್ಟನ್ನು ತಿಳಿದಿದ್ದ ಕೆಲವರಲ್ಲಿ ಟೇಲರನೂ ಒಬ್ಬ. ಶಿಕ್ಷೆ ಇಳಿಯಿತೆಂಬ ಸುದ್ದಿ ಬಂದಾಗ ಅವನು ಜಾತಕ ಬಲ್ಲ ಶಾಸ್ತ್ರಿಯೊಡನೆ, ನಿಮ್ಮ ಲೆಕ್ಕ ತಪ್ಪಿತಲ್ಲ ಎಂದನಂತೆ. ಅವಧಿಯಿನ್ನೂ ಮುಗಿದಿಲ್ಲವೆಂದು ಶಾಸ್ತ್ರಿ ಉತ್ತರಕೊಟ್ಟನಂತೆ. ಕೆಲವೇ ದಿನಗಳಲ್ಲಿ ಸಾವಿನ ವಾರ್ತೆ ಬಂದಿತು. ಕೇಳಿದವರ ಮೈ ಜುಮ್ಮೆನ್ನುವ ಕಥೆಯಿದು. ಆದರೆ ಜಾತಕವು ಸಾವಿನ ವರ್ಷವನ್ನು ಹೇಳಿದರೂ ಕುದುರೆಯನ್ನೆಳೆದ ಬೆರಳನ್ನು ತೋರಿಸುವುದಿಲ್ಲ.

ಪಕ್ಷಗಳು ನಾಲ್ಕಾದರೂ ಮೂಲ ಒಂದೇ ಎಂಬುದನ್ನು ವಾದಿಸುವವರು ಮರೆಯುತ್ತಾರೆ. ಕುರ್ಚಿ, ನಡುಪಟ್ಟಿ, ಗುಂಡು ಹೊಕ್ಕ ಜಾಗ, ಜಾತಕ ಎಲ್ಲವೂ ಹೆಚ್ಚಾಗಿ ಟೇಲರನ ಆತ್ಮಕಥೆಯಿಂದ ಬಂದವು. ಅದು ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಸಾವಿನ ದಿನ ಅವನು ಡೇರೆಯ ಬಳಿ ಇರಲಿಲ್ಲ. ಸುರಪುರದ ಆಡಳಿತವನ್ನು ನೋಡಿಕೊಳ್ಳಲು ಮತ್ತೆ ಬಂದು ಸುರಪುರದಲ್ಲಿದ್ದನು. ಅವನದು ಕೇಳಿ ಬರೆದ ಮಾತು, ಕಂಡು ಬರೆದದ್ದಲ್ಲ.

ಟೇಲರನೇ ಒಬ್ಬ ಹವ್ಯಾಸಿ ಪತ್ತೇದಾರನಾಗಿದ್ದನೆಂಬುದು ಇನ್ನೊಂದು ಸ್ವಾರಸ್ಯ. ಯೌವನದಲ್ಲಿ ದಾರಿಯ ಬದಿಯಲ್ಲಿ ದೊರೆತ ಹೆಣಗಳ ಸುಳಿವನ್ನು ಹಿಡಿದು ಹೊರಟಿದ್ದಾಗ, ಸೈನ್ಯಕ್ಕೆ ಹಿಂದಿರುಗುವ ಆಜ್ಞೆ ಬಂದು, ಠಕ್ಕರ ಗುಟ್ಟನ್ನು ತಾನೇ ಬಯಲುಮಾಡುವ ಅವಕಾಶ ತಪ್ಪಿತೆಂದು ಅವನು ಕೊರಗಿದ್ದಾನೆ. 1839ರಲ್ಲಿ ಪ್ರಕಟವಾದ ಅವನ ಕಾದಂಬರಿ ‘ಠಕ್ಕನೊಬ್ಬನ ತಪ್ಪೊಪ್ಪಿಗೆಗಳು’ ಅವನಿಗೆ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರನ್ನು ತಂದಿತು. ಇದೇ ಹೆದ್ದಾರಿಯ ಉತ್ತರದ ತುದಿಯಲ್ಲಿರುವ ಜೇವರ್ಗಿಯ ಬಳಿ ಪ್ರಾಚೀನ ಕಲ್ಗೋರಿಗಳನ್ನು ಅಗೆಸಿದಾಗ, ತಲೆ ಬೇರೆಯಾದ ಅಸ್ಥಿಪಂಜರಗಳನ್ನು ಕಂಡು, ನರಬಲಿಯೆಂದು ತರ್ಕಿಸಿದವನೂ ಅವನೇ.

ಆದ್ದರಿಂದ ಅವನ ಮಾತನ್ನು ತೂಗುವಾಗ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. ಅವನು ಕಂಪೆನಿಯ ಸೇವಕ, ಕಥೆ ಹೆಣೆಯಬಲ್ಲ ಕೈಯವನು; ಸಾವು ಜಾತಕದೊಡನೆ ಅಷ್ಟು ಚೊಕ್ಕಟವಾಗಿ ಹೊಂದಿಕೊಳ್ಳುವುದನ್ನು ಕಂಡಾಗ ಕಾದಂಬರಿಕಾರನ ನೆನಪು ತಪ್ಪದೆ ಬರುತ್ತದೆ. ಅದೇ ಹೊತ್ತಿಗೆ, ‘ಅಪ್ಪ’ ಎಂದು ಕರೆಸಿಕೊಂಡವನೂ ಅವನೇ. ಪ್ರೀತಿಸಿದ ಹುಡುಗನ ಕೊಲೆಯನ್ನು ಬಲ್ಲವನಾಗಿದ್ದೂ ಅವನು ಮುಚ್ಚಿಟ್ಟನೆಂದು ನಂಬುವುದು ಸುಲಭವಲ್ಲ. ಆದರೆ ಅವನಿಗೇ ನಿಜವನ್ನು ಮುಚ್ಚಿಟ್ಟು ಹೇಳಿದ್ದರೆ?

ಇಲ್ಲಿಗೆ ತರ್ಕ ನಿಲ್ಲುತ್ತದೆ. ಮಸ್ಕಿಯಲ್ಲಿ ಕಲ್ಲು ಮಾತನಾಡಿತು. ಬೂದಿಯ ದಿಬ್ಬದಲ್ಲಿ ಗೊರಸಿನ ಗುರುತು ಮಾತನಾಡಿತು. ಡೇರೆಯನ್ನಾದರೋ ಅಂದೇ ಕಿತ್ತು ಸುತ್ತಿದರು. ಒಳಗಿದ್ದ ಏಕಮಾತ್ರ ಸಾಕ್ಷಿ ಸತ್ತವನೇ. ದೊರೆಯು ಹೇಗೆ ಸತ್ತನೆಂಬ ಪ್ರಶ್ನೆಯಲ್ಲಿ ಎರಡು ಮಾನಗಳು ಅಡಗಿವೆ: ಸೆರೆಯಲ್ಲಿ ಬದುಕಲೊಲ್ಲದೆ ತಾನಾಗಿ ಸತ್ತವನೆಂದು ಸುರಪುರವು ಹೆಮ್ಮೆಪಡುವ ಯುವಕನದೊಂದು, ಮುಖ ತೊಳೆಯಲು ಹೊರಗೆ ಹೋಗಿ, ಜೀವಮಾನವೆಲ್ಲ ಆ ಅಜಾಗ್ರತೆಗೆ ಬೆಲೆ ತೆತ್ತಿರಬಹುದಾದ, ಅಥವಾ ಶಿಕ್ಷೆಯಿಲ್ಲದೆ ಪಾರಾಗಿರಬಹುದಾದ ಅಧಿಕಾರಿಯದು ಇನ್ನೊಂದು. ಆಧಾರವಿಲ್ಲದೆ ಒಂದನ್ನು ಹಿಡಿದರೆ ಇನ್ನೊಂದಕ್ಕೆ ಅನ್ಯಾಯವಾದೀತು. ಬಿದ್ದಿರುವ ಸುಳಿವುಗಳು ಆಕಸ್ಮಿಕವನ್ನೂ ಆತ್ಮಹತ್ಯೆಯನ್ನೂ ಸಾಧ್ಯವೆನ್ನುತ್ತವೆ, ಕೊಲೆಯನ್ನು ಅಸಾಧ್ಯವೆನ್ನುವುದಿಲ್ಲ. ಪ್ರಾಮಾಣಿಕನಾದ ಪತ್ತೇದಾರನು ಇದಕ್ಕಿಂತ ಹೆಚ್ಚು ಹೇಳಲಾರನು.

ಆದರೆ ಯಾವ ತರ್ಕವೂ ಅಲುಗಿಸಲಾರದ ಒಂದು ಸಂಗತಿ ಉಳಿಯುತ್ತದೆ. ತುಂಬಿದ ಆಯುಧವನ್ನು ಬಂದಿಯ ಕೈಗೆಟುಕುವಲ್ಲಿ ಬಿಟ್ಟವರು ಅವನನ್ನು ಕಾಯುವ ಹೊಣೆ ಹೊತ್ತವರೇ. ಬೆರಳು ಯಾರದಾದರೂ ಆಗಲಿ, ಸೆರೆಯಾಳಿನ ಪ್ರಾಣಕ್ಕೆ ಸೆರೆಯಲ್ಲಿಟ್ಟವನೇ ಉತ್ತರವಾದಿ. ಅಷ್ಟನ್ನು ಹೇಳಲು ಊಹೆ ಬೇಕಾಗಿಲ್ಲ.

ಸಂಜೆಯ ಬಸ್ಸು ಲಿಂಗಸೂಗೂರಿನಿಂದ ಉತ್ತರಕ್ಕೆ ಹೊರಡುತ್ತದೆ. ಬಸ್ಸಿನೊಳಗೆ ಇಬ್ಬರು ಪ್ರಯಾಣಿಕರು ಅಂದಿನ ಪತ್ರಿಕೆಯನ್ನು ಹಂಚಿಕೊಂಡು ಓದುತ್ತ, ಎಲ್ಲಿಯದೋ ಪತ್ತೆಯಾಗದ ಸಾವಿನ ಬಗೆಗೆ ತಲೆ ಕೆಡಿಸಿಕೊಂಡಿರುತ್ತಾರೆ. ದಂಡು ದಾಟಿದ ಕೃಷ್ಣೆಯನ್ನು ಬಸ್ಸು ತಿಂಥಣಿಯ ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಎಡಬಲಗಳಲ್ಲಿ ಬಂಡೆಗಳ ನಡುವೆ ನೀರು ಮಿನುಗುತ್ತದೆ. ಸುರಪುರ ಸಮೀಪಿಸಿದಂತೆ ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ನಾಯಕರ ಅರಮನೆಯೂ, ಜನರು ಇಂದಿಗೂ ‘ಟೇಲರ್ ಮಂಜಿಲ್’ ಎಂದು ಕರೆಯುವ ಬಂಗಲೆಯೂ ಆ ಊರಿನಲ್ಲಿ ಒಟ್ಟಿಗೇ ನಿಂತಿವೆ. ಹುಡುಗನೊಬ್ಬನು ಒಂದರಿಂದ ಇನ್ನೊಂದಕ್ಕೆ ‘ಅಪ್ಪ’ ಎಂದು ಕರೆಯುತ್ತ ಓಡಿಬರುತ್ತಿದ್ದ ದೂರ ಬಹಳವಿಲ್ಲ.